ಬನಿಯನ್ ತೊಟ್ಟ ಆನೆಮರಿಯ ಓಟ

ನಮ್ಮ ಕೇರಿಯಲ್ಲಿ ಎಷ್ಟು ಮಗ್ಗಗಳಿದ್ದವೋ ಅಷ್ಟು ಬಗೆಯ ನಡಿಗೆಗಳಿದ್ದವು. ಅಷ್ಟನ್ನೂ ನಾನು ನಡೆದು ತೋರಿಸಬಲ್ಲವನಾಗಿದ್ದೆ. ಮೂಲೆಮನೆಯ ನೂಲಿನ ವ್ಯಾಪಾರಿ ಮೊದಲು ಹೊಟ್ಟೆಯನ್ನು ಕಳಿಸಿ, ಅದು ಸುಖವಾಗಿ ತಲುಪಿತೆಂದು ಖಾತ್ರಿಯಾದ ಮೇಲೆ ತಾವು ಹೊರಡುವವರು. ಶಾಲೆಯ ತಮಿಳು ಮೇಷ್ಟ್ರು ಚಪ್ಪಲಿ ತಮ್ಮನ್ನು ಬಿಟ್ಟು ಓಡಿಹೋದೀತೆಂಬ ಅನುಮಾನದಲ್ಲಿ ಬೆರಳು ಬಿಗಿಹಿಡಿದು ನಡೆಯುವವರು. ನನ್ನ ನಡಿಗೆಯನ್ನೂ ನಾನು ಬಿಟ್ಟಿರಲಿಲ್ಲ. ಕೆಲಸ ಕಳೆದುಕೊಂಡ ಕೊಕ್ಕರೆ ಸಂಬಳ ಕೇಳಲು ಹೊರಟಂತೆ ಇರುತ್ತಿತ್ತು ಅದು. ಕೇರಿಯವರೆಲ್ಲ ಅದಕ್ಕೇ ಹೆಚ್ಚು ನಗುತ್ತಿದ್ದರು.

ಒಂದೇ ಒಂದು ನಡಿಗೆಯನ್ನು ಮಾತ್ರ ಅದರ ಯಜಮಾನನ ಎದುರು ನಡೆದಿರಲಿಲ್ಲ. ಅದು ಅಪ್ಪನದು. ಕಾಲನ್ನು ಗುಂಡಿಗೆ ಇಳಿಬಿಟ್ಟು ನೇಯುವ ಗುಂಡಿಮಗ್ಗದಿಂದ ಮೇಲೆದ್ದ ಅಪ್ಪನ ಕಾಲುಗಳಿಗೆ ತಾವು ಹೊರಗೆ ಬಂದದ್ದು ತಕ್ಷಣ ಗೊತ್ತಾಗುತ್ತಿರಲಿಲ್ಲ. ಮೊದಲ ನಾಲ್ಕಾರು ಹೆಜ್ಜೆ ಇನ್ನೂ ಮಗ್ಗದ ಕಾಲುಮಣೆಯನ್ನೇ ತುಳಿಯುತ್ತಿದ್ದವು, ಮೈ ಬಲಕ್ಕೆ ಒಂದಿಷ್ಟು ವಾಲುತ್ತಿತ್ತು. ಅದನ್ನು ಅಜ್ಜಿಗೆ ಮಾತ್ರ, ಹಿತ್ತಲಲ್ಲಿ, ಬಾಗಿಲು ಮುಚ್ಚಿಕೊಂಡು ತೋರಿಸುತ್ತಿದ್ದೆ. ಅಪ್ಪನನ್ನು ಹೆತ್ತ ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

"ಊರೋರ ಕಾಲೆಲ್ಲಾ ಇವನ ಹತ್ರ ಐತೆ," ಎನ್ನುತ್ತಿದ್ದ ಅಪ್ಪ. "ಇವನ ಕಾಲಿಗೆ ಮಾತ್ರ ಒಂದು ವೇಲೆ ಇಲ್ಲ."

ಕೊಯಮತ್ತೂರಿನ ಕಡೆಯ ನೆಗಮದ ನಮ್ಮ ಮನೆಗಳಲ್ಲಿ ಆಡುವ ಕನ್ನಡ ಹೀಗೆಯೇ. ಕೆಲಸ ಯಾವಾಗಲೋ ತಮಿಳಿನ 'ವೇಲೆ' ಆಗಿಬಿಟ್ಟಿತ್ತು, ಬೈಗುಳ ಮಾತ್ರ ಶುದ್ಧ ಕನ್ನಡದಲ್ಲಿ ಉಳಿದಿತ್ತು. ಪ್ಲಸ್ ಟೂನಲ್ಲಿ ಗಣಿತ ನನ್ನನ್ನು ಎರಡನೇ ಸಲ ತಳ್ಳಿದಾಗ ಆ ಶುದ್ಧ ಕನ್ನಡವನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಕೇಳಿದೆ. ಅದು ಮುಗಿದ ಮೇಲೆ ಅಪ್ಪ ಪಡಸಾಲೆಯ ಎರಡನೆಯ ಮಗ್ಗದ ಗುಂಡಿಗೆ ಇಳಿದ. ತಾತ ತೀರಿಕೊಂಡಂದಿನಿಂದ ಅದರಲ್ಲಿ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಅಪ್ಪ ಕೋಳಿಗಳನ್ನು ಓಡಿಸಿ, ಸಾರಿಸಿ, ಗುಂಡಿಯ ಅಂಚಿಗೆ ಹೊಸ ಗೋಣಿ ಹಾಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೊಕ್ಕರೆಯ ಕಾಲಿಗೆ ಇನ್ನೊಂದು ಗೇಣು ಆಳ ಬೇಕೆಂದು ಮತ್ತೆ ಗುದ್ದಲಿ ಎತ್ತಿಕೊಂಡ.

ಅಷ್ಟರಲ್ಲಿ ನಮ್ಮ ಸೋದರಮಾವ ಬಂದ. ಅಮ್ಮನ ತಮ್ಮ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರ್. ನಾನು ಇದ್ದಿಲಿನಲ್ಲಿ ಹಿತ್ತಲ ಗೋಡೆಯ ತುಂಬ ಬರೆದಿದ್ದ ಕೇರಿಯವರ ಮುಖಗಳನ್ನು ನೋಡಿ, ತನ್ನದೂ ಅಲ್ಲಿದ್ದುದನ್ನು ಕಂಡು ಸ್ವಲ್ಪ ಹೊತ್ತು ಸಿಟ್ಟಾಗಿ, ಕೊನೆಗೆ ಅಂದ: "ಭಾವಾ, ನಮ್ಮ ಕಂಪನೀಲಿ ಬನಿಯನ್ ಮೇಲೆ ಚಿತ್ರ ಬರೆಯೋನು ಮದುವೆ ಆಗಿ ಹೆಂಡ್ತಿ ಊರಿಗೆ ಹೋಗ್ಬಿಟ್ಟ. ಇವನನ್ನ ಕರ್ಕೊಂಡು ಹೋಗಿ ಕೇಳ್ಲಾ?"

ಅಪ್ಪ ಗುಂಡಿಯೊಳಗಿನಿಂದಲೇ ಉತ್ತರಿಸಿದ. "ಶುಕ್ರವಾರ ಕಾಲೈಲಿ ಇವನ ಪಾವಿಗೆ ಗಂಜಿ ಹಚ್ತೀನಿ. ಅಷ್ಟರೊಳಗೆ ವೇಲೆ ಸಿಕ್ಕಿದ್ರೆ ಹೋಗ್ಲಿ. ಸಿಕ್ಕದೇ ಇದ್ರೆ ಸೋಮವಾರ ಇದ್ರೊಳಗೆ ಕಾಲು ಬಿಟ್ಟು ಕೂತ್ಕೋಬೇಕು. ಆಮೇಲೆ ಆ ಕಡೆ ಈ ಕಡೆ ಪೇಚ್ಚು ಇಲ್ಲ."

ಕಾಲೈ ಎಂದರೆ ಬೆಳಿಗ್ಗೆ, ಪೇಚ್ಚು ಎಂದರೆ ಮಾತು, ಪಾವು ಎಂದರೆ ಸೀರೆಯ ಉದ್ದಕ್ಕೆ ಓಡುವ ನೂಲು. ಅದನ್ನು ಬೀದಿಯುದ್ದ ಎಳೆದು ಕಟ್ಟಿ, ಅನ್ನದ ಗಂಜಿ ಹಚ್ಚಿ, ಉಜ್ಜಿ ಒಣಗಿಸಿ ಮಗ್ಗಕ್ಕೆ ಏರಿಸಿದರೆ ಹತ್ತು ಸೀರೆ ಮುಗಿಯುವ ತನಕ ಏಳುವಂತಿಲ್ಲ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಪಾವು ತಯಾರಾಗಿರುತ್ತದೆ. ತಾತ ಹಾಗೆ ಒಮ್ಮೆ ಕೂತವನು ಎದ್ದದ್ದನ್ನು ನಾನು ನೋಡಿರಲಿಲ್ಲ, ನಾಲ್ಕು ಜನ ಎತ್ತಿದ್ದನ್ನು ನೋಡಿದ್ದೆ. ಮಗ್ಗವನ್ನು ನಾನು ದ್ವೇಷಿಸುತ್ತಿದ್ದೆನೆಂದಲ್ಲ. ಆದರೆ ನಡಿಗೆಗಳನ್ನೇ ಕದ್ದು ಬದುಕುವವನನ್ನು ಗುಂಡಿಯಲ್ಲಿ ಕೂರಿಸಿದರೆ ಅವನಿಗೆ ಕಾಣುವುದು ಬೀದಿಯಲ್ಲಿ ಹೋಗುವವರ ಮೊಣಕಾಲು ಮಾತ್ರ.

ಮರುದಿನವೇ, ಸೋಮವಾರ, ಮಾವನ ಜೊತೆ ಪಲ್ಲಡಂ ದಾಟಿ ತಿರುಪ್ಪೂರಿಗೆ ಹೋದೆ. ಕಂಪನಿಯ ಮೊದಲಾಳಿಗೆ, ಅಂದರೆ ಯಜಮಾನರಿಗೆ, ಒಂದು ಚಾಳಿಯಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಅಡ್ಡಕ್ಕೆ ಎಳೆದು, ಬಿಟ್ಟು, ಮೊದಲಿನ ಅಳತೆಗೆ ವಾಪಸು ಬರುತ್ತದೋ ಎಂದು ನೋಡುವುದು. ಬನಿಯನ್ ಬಟ್ಟೆಯ ಜೊತೆ ಇಪ್ಪತ್ತು ವರ್ಷ ಬದುಕಿದವರಿಗೆ ಜಗತ್ತೆಲ್ಲ ಹಿಗ್ಗುವ ವಸ್ತುವಾಗಿಯೇ ಕಾಣುತ್ತದೆ. ಮೊದಲು ನನ್ನ ಅಂಗಿಯ ತುದಿಯನ್ನು ಎಳೆದು ನೋಡಿದರು. ಅದು ವಾಪಸು ಬರಲಿಲ್ಲ. ಅವರು ಆಡಿದ್ದೆಲ್ಲ ತಮಿಳು. ಕನ್ನಡಕ್ಕೆ ತಂದಿದ್ದೇನೆ, ಆದರೆ ಕೊಂಗುನಾಡಿನ ಆ ರಾಗವನ್ನು ಕಾಗದದ ಮೇಲೆ ಇಡುವ ವಿದ್ಯೆ ನನಗೆ ಇನ್ನೂ ಬಂದಿಲ್ಲ.

"ತಂಬಿ, ಒಂದು ಆನೆಮರಿ ಬೇಕು. ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ. ನಮ್ಮ ಬನಿಯನ್ ಹಾಕಿರಬೇಕು, ನಮ್ಮ ಚಡ್ಡಿ ಹಾಕಿರಬೇಕು. ಓಡಬೇಕು. ಆನೆ ಹಾಕ್ಕೊಂಡು ಓಡಿದ್ರೂ ಹರಿಯೋದಿಲ್ಲ ಅನ್ನೋದು ಓದೋಕೆ ಬರದ ತಾಯಿಗೂ ನೋಡಿದ ಕೂಡ್ಲೇ ತಿಳೀಬೇಕು."

"ನಡೆದ್ರೆ ಸಾಲದೇನುಂಗ?" ಎಂದೆ, ಕೊಂಗಿನವರ ಮರ್ಯಾದೆಯ 'ಉಂಗ' ಸೇರಿಸಿ. ನಡಿಗೆಗಳಲ್ಲಿ ನನ್ನ ಕೈ ಪಳಗಿತ್ತಲ್ಲ.

"ನಡೆಯೋ ಆನೆ ಬೆಂಕಿಪೊಟ್ಟಣದ ಮೇಲೂ ಇದೆ. ನನಗೆ ಓಡೋದು ಬೇಕು. ಬುಧವಾರ ತಾ. ಓಡಿದ್ರೆ ಪ್ರಿಂಟಿಂಗ್‌ನಲ್ಲಿ ನಿನಗೊಂದು ಮೇಜು. ಓಡದಿದ್ರೆ ನಿಮ್ಮ ಮನೇಲಿ ಮಗ್ಗ ಇದೆಯಂತಲ್ಲ."

ಮಾವ ಎಲ್ಲವನ್ನೂ ಮುಂಚೆಯೇ ಹೇಳಿಬಿಟ್ಟಿದ್ದ.

ಆನೆ ನನಗೆ ಹೊಸದಲ್ಲ. ಸೀರೆಯ ಅಂಚಿನ ಆನೆಗಳನ್ನು ನಮ್ಮ ಕೇರಿಯಲ್ಲಿ ಚೌಕಳಿ ಕಾಗದದ ಮೇಲೆ ಬರೆದು ಕೊಡುತ್ತಿದ್ದವನು ಅಪ್ಪನೇ. ಒಂದೊಂದು ಚೌಕ ಒಂದೊಂದು ನೂಲು. ಹಾಗೆ ಹುಟ್ಟಿದ ಆನೆಗಳು ನಾಲ್ಕೂ ಕಾಲನ್ನು ಕಂಬದಂತೆ ಊರಿ, ಒಂದರ ಬಾಲದ ಹಿಂದೆ ಇನ್ನೊಂದು ನಿಂತಿರುತ್ತಿದ್ದವು. ಸೀರೆ ಹಳೆಯದಾಗಿ, ಜೋಲಿಯಾಗಿ, ಕಡೆಗೆ ನೆಲ ಒರೆಸುವ ಬಟ್ಟೆಯಾದರೂ ಅವು ಒಂದು ಹೆಜ್ಜೆ ಎತ್ತಿ ಇಟ್ಟವಲ್ಲ. ನಾನು ಅಂಥದೊಂದನ್ನು ಹಿಂಗಾಲ ಮೇಲೆ ನಿಲ್ಲಿಸಿ, ಬನಿಯನ್ ತೊಡಿಸಿ, ಸೊಂಡಿಲನ್ನು ಗಾಳಿಗೆ ಹಾರಿಸಿ, ಬೆನ್ನ ಹಿಂದೆ ಧೂಳಿನ ಮೂರು ಉಂಡೆ ಬರೆದೆ.

ಅಮ್ಮ ನೋಡಿ, "ಫೋಟೋ ಸ್ಟುಡಿಯೋಲಿ ನಿಂತಂಗೈತೆ," ಎಂದಳು.

"ಓಡ್ತಾ ಐತೆ ಅಮ್ಮಾ. ಧೂಳು ಕಾಣ್ಸಲ್ವಾ?"

"ಅದು ಧೂಳಾ? ಲಡ್ಡು ಅಂದ್ಕೊಂಡೆ. ಕದ್ದು ತಂದು ಬೆನ್ನ ಹಿಂದೆ ಮುಚ್ಚಿಟ್ಟಂಗೈತೆ."

ಕಾಲು ಎತ್ತಿಸಬೇಕೆಂದು ಹೊಳೆಯಿತು. ಎತ್ತಿಸಿದೆ. ಆಗ ಅಪ್ಪ ಮಗ್ಗ ನಿಲ್ಲಿಸಿ ಕಾಗದ ತೆಗೆದುಕೊಂಡ. ಚಿತ್ರದ ಮಾತು ಬಂದರೆ ಅಪ್ಪನಿಗೆ ನನ್ನ ಮೇಲಿನ ಸಿಟ್ಟು ಮರೆತುಹೋಗುತ್ತಿತ್ತು. ಮರೆತಿದ್ದು ನೆನಪಾದ ಮೇಲೆ ಎರಡರಷ್ಟಾಗುತ್ತಿತ್ತು, ಅದು ಬೇರೆ.

"ಈ ಕಾಲಿನ ಅಡಿಗೆ ಏನೂ ಇಲ್ಲ. ತೇಲ್ತಾ ಐತೆ. ಹಿಡಿತ ಇಲ್ಲದ ನೂಲು ಒಂದು ಒಗೆತಕ್ಕೇ ಕಿತ್ಕೊಂಡು ಬರ್ತದೆ."

"ಇದು ಮಗ್ಗದಲ್ಲಿ ನೇಯೋದಲ್ಲ ಅಪ್ಪಾ, ಅಚ್ಚು ಹಾಕೋದು."

"ಹಾಕೋದು ಏನಾದ್ರೂ ಆಗ್ಲಿ, ಕಾಲು ಕಾಲೇ. ಮುಂದೆ ಇಟ್ಟು ಊರ್ಸು. ಮತ್ತೆ ಕೈ ಯಾಕೆ ಸುಮ್ಮನೆ ನೇತಾಡ್ತಾ ಐತೆ? ಕಾಲು ಯಾವ್ದೋ ಕೈ ಅದೇ ಅಲ್ವಾ?"

ಈ ಮಾತು ನಮ್ಮ ಕೇರಿಯ ಮೊದಲ ಪಾಠ. ನಮ್ಮಲ್ಲಿ ಲಾಳಿಯನ್ನು ಇನ್ನೂ ಕೈಯಿಂದಲೇ ಎಸೆಯುತ್ತಿದ್ದ ಕಾಲ. ಬಲಗಾಲು ಮಣೆ ತುಳಿದರೆ ಬಲಗೈ ಲಾಳಿ ಎಸೆಯಬೇಕು, ಎಡಗಾಲು ತುಳಿದರೆ ಎಡಗೈ. ಮಕ್ಕಳನ್ನು ಏಳೆಂಟು ವರ್ಷಕ್ಕೇ ಗುಂಡಿಯ ಅಂಚಿಗೆ ಕೂರಿಸಿ, "ಬಲಕ್ಕೆ ಬಲ, ಎಡಕ್ಕೆ ಎಡ" ಎಂದು ಹಾಡಿಸುತ್ತಿದ್ದರು. ತಪ್ಪಿದರೆ ಅಜ್ಜಿಯ ಬೆರಳಿನ ಗೆಣ್ಣು ನೆತ್ತಿಯ ಮೇಲೆ ಕೂರುತ್ತಿತ್ತು. ಎಂಥ ಸೋಮಾರಿಯ ತಲೆಗೂ ಆ ಪಾಠ ಇಳಿಯುತ್ತದೆ. ನನ್ನದಕ್ಕೆ ಇಳಿದಿತ್ತು.

ಹಾಗಾಗಿ ಆನೆಮರಿಯ ಬಲಗಾಲನ್ನು ಮುಂದಿಟ್ಟೆ, ಬಲಗೈಯನ್ನೂ ಮುಂದಿಟ್ಟೆ. ಎಡಗಾಲು ಹಿಂದೆ, ಎಡಗೈಯೂ ಹಿಂದೆ. ಮಸಿಯಲ್ಲಿ ತಿದ್ದಿ ಪಡಸಾಲೆಯ ಕಂಬಕ್ಕೆ ಒರಗಿಸಿಟ್ಟೆ. ಮನೆಯವರೆಲ್ಲ ಬಂದು ನೋಡಿದರು.

"ಈಗ ಸರಿ," ಎಂದ ಅಪ್ಪ. "ಕೈಕಾಲು ಕೂಡ್ಕೊಂಡೈತೆ."

"ಜೀವ ಬಂದೈತೆ ಕಣ್ಣು," ಎಂದಳು ಅಜ್ಜಿ. ಕಣ್ಣು ಎನ್ನುವುದು ಅವಳು ನನ್ನನ್ನು ಕರೆಯುತ್ತಿದ್ದ ರೀತಿ. ಎದುರುಮನೆಯವರು ಬಂದರು, ಅವರೂ ತಲೆದೂಗಿದರು. ಇಡೀ ಕೇರಿ ನೋಡಿತು. ಒಬ್ಬರ ಕಣ್ಣಿಗೂ ಒಂದು ತಪ್ಪು ಬೀಳಲಿಲ್ಲ. ನಾನು ಅಂದೇ ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಳ್ಳಬೇಕೆಂದು ತೀರ್ಮಾನಿಸಿದೆ.

ಬುಧವಾರ ನಾನು ಕಂಪನಿಗೆ ಹೋದಾಗ ಕರೆಂಟು ಹೋಗಿತ್ತು. ಹೊಲಿಗೆ ಯಂತ್ರಗಳೆಲ್ಲ ಸುಮ್ಮನಿದ್ದುದರಿಂದ ನನ್ನ ಆನೆಮರಿಯನ್ನು ನೋಡಲು ಎಲ್ಲರಿಗೂ ಬಿಡುವಿತ್ತು. ಮೊದಲಾಳಿ ಕಾಗದವನ್ನು ಅಡ್ಡಕ್ಕೆ ಎಳೆದು ಹಿಡಿದು ನೋಡಿದರು. ತಲೆಯನ್ನು ಬಲಕ್ಕೆ ವಾಲಿಸಿದರು, ಎಡಕ್ಕೆ ವಾಲಿಸಿದರು.

"ಏನೋ ಸರಿಯಿಲ್ಲ. ಕಣ್ಣಿಗೆ ಗೊತ್ತಾಗ್ತಿದೆ, ಬಾಯಿಗೆ ಬರ್ತಿಲ್ಲ."

ಚಡ್ಡಿಗೆ ಎಲಾಸ್ಟಿಕ್ ಹೊಲಿಯುವ ಒಬ್ಬ ಅಕ್ಕ ಅವರ ಭುಜದ ಮೇಲಿಂದ ಇಣುಕಿದರು. "ಇದು ಓಡ್ತಿಲ್ಲಣ್ಣಾ. ಎರಡಕ್ಕೆ ಅವಸರವಾಗಿ, ತಡ್ಕೊಂಡು ತಡ್ಕೊಂಡು ಹೋಗ್ತಿದೆ."

ಶೆಡ್ಡಿನ ತಗಡು ಅಲುಗಾಡುವಂತೆ ನಗು ಎದ್ದಿತು. ಊರವರನ್ನೆಲ್ಲ ನಗಿಸಿದವನಿಗೆ, ತಾನು ಏನೂ ಮಾಡದೆ ಜನ ನಕ್ಕರೆ ಎಷ್ಟು ಕಷ್ಟವೆಂದು ಅಂದು ತಿಳಿಯಿತು. ನನ್ನ ಮಾವ ಬಹಳ ಶ್ರದ್ಧೆಯಿಂದ ಕತ್ತರಿಗೆ ಎಣ್ಣೆ ಹಾಕುತ್ತಿದ್ದ.

"ಚಿತ್ರ ಬಿಡು. ನೀನೇ ಒಂದು ಸಾರಿ ಓಡು, ನೋಡೋಣ," ಎಂದರು ಮೊದಲಾಳಿ.

ಓಡಿದೆ. ಬಟ್ಟೆಯ ಮೂಟೆಗಳ ನಡುವಿನ ಆ ದಾರಿಯಲ್ಲಿ, ಅಷ್ಟು ಜನರ ಕಣ್ಣು ನನ್ನ ಕೈಕಾಲುಗಳ ಮೇಲೇ ಇದ್ದಾಗ, ನನ್ನ ಕೈಕಾಲು ಅಜ್ಜಿಯ ಪಾಠವನ್ನು ಒಪ್ಪಿಸಿದವು. ಬಲಕ್ಕೆ ಬಲ, ಎಡಕ್ಕೆ ಎಡ. ಎಲಾಸ್ಟಿಕ್ ಅಕ್ಕ ನೆಲದ ಮೇಲೆ ಕೂತುಬಿಟ್ಟರು. "ಅದೇ, ಅದೇ! ಇವನೇ ಅದು!" ಎಂದು ಕಣ್ಣೊರೆಸಿಕೊಂಡರು.

ಮೊದಲಾಳಿಯವರೂ ನಕ್ಕಿದ್ದರು, ಅದರಿಂದಲೇ ನಾನು ಉಳಿದುಕೊಂಡೆ. ನನ್ನ ಕಿವಿಯನ್ನು ಹಿಡಿದು ಎಳೆದು ಬಿಟ್ಟರು. ಅದು ವಾಪಸು ಮೊದಲಿನ ಅಳತೆಗೆ ಬಂತು. "ಬರವಣಿಗೆ ಚೆನ್ನಾಗಿದೆ, ಓಟ ಇಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಓಡೋದು ತಾ. ಇಲ್ಲದಿದ್ರೆ ಸೇಲಂನಿಂದ ಒಬ್ಬ ಬರ್ತೀನಿ ಅಂದಿದ್ದಾನೆ."

ಬಸ್ಸಿನ ಕಿಟಕಿಯಿಂದ ದಾರಿಯುದ್ದಕ್ಕೂ ಓಡುವವರನ್ನು ಹುಡುಕಿದೆ. ಆಗ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಕಡೆ ಬರಿಗೈಯಲ್ಲಿ ಯಾರೂ ಓಡುವುದಿಲ್ಲ. ಒಬ್ಬ ಟಿಫಿನ್ ಕ್ಯಾರಿಯರ್ ಹಿಡಿದು ಓಡಿದ, ಒಬ್ಬಾಕೆ ಮಗುವನ್ನು ಎತ್ತಿಕೊಂಡು, ಇನ್ನೊಬ್ಬ ಎರಡು ಕೈಯಲ್ಲೂ ಕೋಳಿಗಳನ್ನು ತಲೆಕೆಳಗಾಗಿ ಹಿಡಿದುಕೊಂಡು ಓಡಿದ. ಕೋಳಿಗಳ ಕೈಕಾಲನ್ನು ನೋಡಿ ಉಪಯೋಗವಿರಲಿಲ್ಲ.

ಗುರುವಾರ ಮನೆಯವರನ್ನು ಓಡಿಸಲು ನೋಡಿದೆ.

"ಅಜ್ಜೀ, ಹಿತ್ತಲಿಗೆ ಒಂದು ಸಾರಿ ಓಡಿಹೋಗಿ ಬಾ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ಓಡು."

"ಏನೂ ಆಗ್ದೇ ಯಾರಾನ ಓಡ್ತಾರಾ? ನಾನು ಓಡಿ ನಲವತ್ತು ವರ್ಷ ಆಯ್ತು. ಅವತ್ತು ಹಸು ಈಯ್ತಾ ಇತ್ತು."

ಅಮ್ಮ ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಓಡಿ, "ಸಾಂಬಾರು ಹತ್ಕೊಳ್ತದೆ," ಎಂದು ನಿಂತಳು. ಕೊನೆಗೆ ಅಪ್ಪನೇ ಗುಂಡಿಯಿಂದ ಎದ್ದ. ಸೋಮವಾರ ನಾನು ಆ ಕಡೆಯ ಗುಂಡಿಗೆ ಇಳಿಯುವುದು ಬಹುತೇಕ ಖಚಿತವಾಗಿದ್ದರಿಂದ ಅವನ ಮನಸ್ಸು ಹಗುರವಾಗಿತ್ತು. "ಓಡೋದು ಒಂದು ವಿದ್ಯೇನಾ? ನೋಡು," ಎಂದು ಪಂಚೆ ಮೇಲೆ ಕಟ್ಟಿ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡಿದ. ಬಲಗಾಲಿನ ಜೊತೆ ಬಲಗೈ, ಎಡಗಾಲಿನ ಜೊತೆ ಎಡಗೈ. ನನ್ನ ಚಿತ್ರದಲ್ಲಿದ್ದ ಹಾಗೇ. "ಸರಿಯಾಗೇ ಬರೆದಿದೀಯಲ್ಲಾ," ಎಂದ. "ಅವ್ರಿಗೆ ನೋಡೋಕೆ ಬರಲ್ಲ."

ನಾನೂ ಹಾಗೇ ನಂಬಿದೆ. ತಿರುಪ್ಪೂರಿನವರಿಗೆ ಓಡುವುದು ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡು, ಎರಡನೆಯ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ನೋಡಿದೆ. ಅಪ್ಪ ಅಳತೆ ತೆಗೆದಿದ್ದು ಸರಿಯಾಗಿತ್ತು. ಕಾಲು ಮಣೆಗೆ ಸರಿಯಾಗಿ ಹೋಗಿ ಕೂತಿತು. ಅಲ್ಲಿಂದ ಬೀದಿಯಲ್ಲಿ ಎದುರುಮನೆಯವರ ಮೊಣಕಾಲು ಹೋಗುವುದು ಕಾಣಿಸಿತು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ನನ್ನ ಪಾವು ಬೀದಿಯಲ್ಲಿತ್ತು. ಈ ತುದಿಯ ಗೂಟದಿಂದ ಆ ತುದಿಯ ಗೂಟದವರೆಗೆ, ಸೊಂಟದ ಎತ್ತರಕ್ಕೆ, ಹಳದಿ ನೂಲಿನ ಒಂದು ಕಾಲುವೆ. ಅಪ್ಪ ಒಂದು ತುದಿಯಲ್ಲಿ ಗಂಜಿ ಚಿಮುಕಿಸಿ ಉದ್ದ ಬ್ರಷ್ಷಿನಿಂದ ಉಜ್ಜುತ್ತಿದ್ದ. ಗಂಜಿಯ ವಾಸನೆಗೆ ಆಡುಗಳು ಬರುತ್ತವೆಂದು ನನ್ನನ್ನು ನಡುವಿನ ಜಗಲಿಯ ಮೇಲೆ ಕೋಲು ಕೊಟ್ಟು ಕಾವಲಿಗೆ ಕೂರಿಸಿದ್ದರು. ಕೋಲನ್ನು ಪಕ್ಕಕ್ಕಿಟ್ಟು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಕಡೆಯ ಪ್ರಯತ್ನವೆಂದು ಆನೆಮರಿಯ ತಲೆಗೊಂದು ಹೊಟ್ಟೆಗೊಂದು ಸುನ್ನೆ ಬರೆದುಕೊಂಡು ಕೂತಿದ್ದೆ. ಕೈಕಾಲುಗಳಿಗೆ ಜಾಗ ಬಿಟ್ಟಿದ್ದೆ.

ಮೂಲೆಮನೆಯವರ ಕರಿ ಆಡು ನನ್ನ ಮುಂದೆಯೇ ಹಾದುಹೋಯಿತಂತೆ. ಅಂತೆ ಏಕೆಂದರೆ ನಾನು ನೋಡಲಿಲ್ಲ. ಅಜ್ಜಿ ಕೂಗಿದಾಗಲೇ ತಲೆಯೆತ್ತಿದ್ದು. ಆಡು ಪಾವಿನ ನಟ್ಟನಡುವೆ ಮೂತಿಯಿಟ್ಟು ಗಂಜಿ ನೆಕ್ಕುತ್ತಾ, ಬಾಯಿಗೆ ಸಿಕ್ಕ ನೂಲನ್ನೂ ಸೇರಿಸಿ ಜಗಿಯುತ್ತಿತ್ತು.

ಬೀದಿಯ ತುದಿಯಿಂದ ಅಪ್ಪ ಓಡಿದ.

ಹತ್ತು ಸೀರೆಯ ನೂಲು ಆಡಿನ ಹೊಟ್ಟೆಗೆ ಹೋಗುತ್ತಿರುವಾಗ ಯಾರಿಗೂ ತಮ್ಮ ಕೈಕಾಲುಗಳ ನೆನಪಿರುವುದಿಲ್ಲ. ಅಪ್ಪ ಬಾಗಿದ್ದ, ಅವನ ನೆತ್ತಿ ಹೊಟ್ಟೆಗಿಂತ ಒಂದು ಮೊಳ ಮುಂದಿತ್ತು. ಎಡಗೈ ಬಿಚ್ಚಿಕೊಳ್ಳುತ್ತಿದ್ದ ಪಂಚೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿತ್ತು. ಬಲಗೈಯಲ್ಲಿ ಬ್ರಷ್ಷು. ಎಡಗಾಲು ಮುಂದಕ್ಕೆ ಹಾರಿದಾಗ ಬ್ರಷ್ಷು ಮುಂದೆ ಬಂತು. ಬಲಗಾಲು ಮುಂದೆ ಬಂದಾಗ ಬ್ರಷ್ಷು ಹಿಂದಕ್ಕೆ ಹೋಗಿ ಗಂಜಿ ಚಿಮ್ಮಿಸಿತು. ಎಡಗಾಲಿಗೆ ಬಲಗೈ! ಜಗಲಿಯ ಮುಂದೆ, ನನಗೆ ಅಡ್ಡಲಾಗಿ, ಒಂದು ಕ್ಷಣ ಅವನ ಎರಡು ಕಾಲೂ ನೆಲದಲ್ಲಿರಲಿಲ್ಲ. ನೆರಳು ಕೆಳಗೆಲ್ಲೋ ಬೇರೆಯಾಗಿ ಬಿದ್ದಿತ್ತು. ಅಪ್ಪನಿಗೂ ಅವನ ನೆರಳಿಗೂ ನಡುವೆ ಒಂದು ಗೇಣು ಬರೀ ಗಾಳಿ. ಅಂಚಿನ ಆನೆಗಳಿಗೆ ಹಿಡಿತ ಕಲಿಸಿದವನು ತಾನೇ ತೇಲುತ್ತಿದ್ದ.

"ಆಡು ಹಿಡಿಯೋ!" ಎಂದು ಕೇರಿಯೆಲ್ಲ ಕೂಗುತ್ತಿತ್ತು. ನಾನು ಪೆನ್ಸಿಲ್ ಹಿಡಿದೆ. ನೆತ್ತಿಯಿಂದ ಹಿಮ್ಮಡಿಗೆ ಒಂದು ಓರೆ ಗೀಟು, ಅದರ ಮೇಲೆ ಹೊಟ್ಟೆ, ಮಡಿಸಿದ ಮುಂದಿನ ಮೊಣಕಾಲು, ಒದ್ದು ಬಂದ ಹಿಂಗಾಲು. ನೆರಳನ್ನು ಕಾಲಿಗೆ ಅಂಟಿಸದೆ ಕೆಳಗೆ ಬಿಟ್ಟೆ. ಅಷ್ಟು ಬರೆದ ಕೂಡಲೇ ಕಾಗದದ ಮೇಲಿನ ಎರಡು ಸುನ್ನೆಗಳು ಗಡಗಡ ಓಡಿದವು.

ಅಪ್ಪ ಆಡಿನ ಬಾಯಿಂದ ನೂಲು ಬಿಡಿಸಿ, ಅದರ ಬೆನ್ನಿಗೊಂದು ಬ್ರಷ್ಷಿನ ಏಟು ಕೊಟ್ಟು, ಜಗಲಿಯ ಹತ್ತಿರ ಬಂದು ಏದುಸಿರು ಬಿಡುತ್ತಾ ನಿಂತ. "ಹನ್ನೊಂದು ಎಳೆ ಹೋಗೈತೆ. ಕಾವಲಿಗೆ ಕೂತ ದೊರೆ ಏನ್ ಮಾಡ್ತಾ ಇದ್ದ?"

ನನಗೆ ಇನ್ನೂ ಎಡಗೈಯ ಮೊಣಕೈ ಸರಿಯಾಗಿ ಸಿಕ್ಕಿರಲಿಲ್ಲ. ತಲೆಯೆತ್ತದೆಯೇ ಅಂದೆ: "ಅಪ್ಪಾ, ಇನ್ನೊಂದು ಸಾರಿ ಓಡು."

ಓಡಿದ. ಈ ಸಲ ನನ್ನ ಹಿಂದೆ.

ಪಾವಿನ ಸುತ್ತ ಎರಡು ಸುತ್ತಾಯಿತು. ಪಾವನ್ನು ದಾಟುವಂತಿಲ್ಲ, ಮುಟ್ಟುವಂತಿಲ್ಲ. ಕೋಪ ಬಂದ ನೇಕಾರನೂ ಅದರ ತುದಿಯವರೆಗೆ ಹೋಗಿಯೇ ತಿರುಗಬೇಕು, ಅವನ ಮಗನೂ ಅಷ್ಟೇ. ಅಜ್ಜಿ ಜಗಲಿಯಿಂದ, "ಬ್ರಷ್ಷು ಮುರೀಬೇಡ ಡಾ, ನಿಮ್ಮಪ್ಪಂದು ಅದು!" ಎಂದು ಕೂಗುತ್ತಿದ್ದಳು. ಮೂರನೆಯ ಸುತ್ತಿಗೆ ನಾನು ಮುಖ್ಯರಸ್ತೆಯ ಕಡೆ ತಿರುಗಿಕೊಂಡೆ. ಬಸ್ಸು ಹೊರಟಿತ್ತು. ಹತ್ತುವಾಗ ನನ್ನ ಕೈಯಲ್ಲಿದ್ದುದು ಕಾಗದ ಅಂಟಿಸಿದ ಹಲಗೆ ಮತ್ತು ಪೆನ್ಸಿಲ್. ಚಪ್ಪಲಿ ಇರಲಿಲ್ಲ. ಟಿಕೆಟ್ಟಿಗೆ ಕಾಸೂ ಇರಲಿಲ್ಲ, ಪರಿಚಯದ ಕಂಡಕ್ಟರಿಗೆ ನಮ್ಮ ತಮಿಳು ಮೇಷ್ಟ್ರ ನಡಿಗೆಯನ್ನು ಬಸ್ಸಿನ ಉದ್ದಕ್ಕೆ ನಡೆದು ತೋರಿಸಿ ಋಣ ತೀರಿಸಿದೆ.

ಬಸ್ಸು ನಿಂತಲ್ಲೆಲ್ಲ ಗೆರೆ ತಿದ್ದಿದೆ. ಸೊಂಡಿಲು ಹಿಂದಕ್ಕೆ ಹಾರಿತು, ಕಿವಿಗಳು ಹಾರಿದವು. ಅಪ್ಪನಿಗೆ ಸೂಕ್ಷ್ಮ ಕೆಲಸ ಮಾಡುವಾಗ, ಓಡುವಾಗ ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುವ ಅಭ್ಯಾಸ. ಅದು ನನಗೆ ಗೊತ್ತಿಲ್ಲದೆಯೇ ಆನೆಮರಿಯ ಬಾಯಿಗೆ ಬಂದುಬಿಟ್ಟಿತ್ತು.

ಮೊದಲಾಳಿ ಕಾಗದವನ್ನು ಎಳೆದು ಹಿಡಿದರು. ಈ ಸಲ ತಲೆ ವಾಲಿಸಲಿಲ್ಲ. ಎಲಾಸ್ಟಿಕ್ ಅಕ್ಕನನ್ನು ಕರೆದು ತೋರಿಸಿದರು. ಅಕ್ಕ ನೋಡಿದರು. "ಓಡ್ತಿದೆ," ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಅದು ಯಾಕೆ ಎಡಗೈಯಲ್ಲಿ ಚಡ್ಡಿ ಹಿಡ್ಕೊಂಡಿದೆ?"

ಪಂಚೆ ಹಿಡಿದಿದ್ದ ಅಪ್ಪನ ಕೈ ಹಾಗೇ ಉಳಿದುಕೊಂಡಿತ್ತು.

"ಅಯ್ಯಯ್ಯೋ," ಎಂದರು ಮೊದಲಾಳಿ. "ನಮ್ಮ ಎಲಾಸ್ಟಿಕ್ ಸರಿಯಿಲ್ಲ ಅಂತ ಆನೆಯೇ ಸಾಕ್ಷಿ ಹೇಳಿದ ಹಾಗಾಯ್ತು!"

ಎಲಾಸ್ಟಿಕ್ ಅಕ್ಕನಿಗೆ ಇದು ನೇರ ತಮ್ಮ ಮೇಲೆ ಹಾಕಿದ ಅಪವಾದದಂತೆ ಕಂಡಿತು. ನಾನು ಅಲ್ಲೇ ಮೂಟೆಯ ಮೇಲೆ ಕೂತು ಆ ಕೈಯನ್ನು ಅಳಿಸಿ, ಹೊಟ್ಟೆಯಿಂದ ಬಿಡಿಸಿ ಹಿಂದಕ್ಕೆ ಬೀಸಿಸಿ, ಒಂದು ತುಂಡು ಕಬ್ಬು ಹಿಡಿಸಿದೆ. ನಮ್ಮ ಕಡೆ ಬರಿಗೈಯಲ್ಲಿ ಯಾರೂ ಓಡುವುದಿಲ್ಲವಲ್ಲ. ಮೊದಲಾಳಿ ನನ್ನ ಕಿವಿ ಎಳೆದು ಬಿಟ್ಟು, "ಸೋಮವಾರ ಬಾ. ಚಪ್ಪಲಿ ಹಾಕ್ಕೊಂಡು ಬಾ," ಎಂದರು. ಮೇಜು ಕೊಟ್ಟರು. ಕಿಟಕಿಯ ಪಕ್ಕಕ್ಕಲ್ಲ, ಬಣ್ಣದ ಡಬ್ಬಗಳ ಪಕ್ಕಕ್ಕೆ.

ಸಂಜೆ ಮನೆಗೆ ಬಂದಾಗ ಅಪ್ಪ ಹನ್ನೊಂದು ಎಳೆಗಳನ್ನೂ ಗಂಟು ಹಾಕಿ ಮುಗಿಸಿದ್ದ. ವಿಷಯ ಹೇಳಿದೆ. ಅಪ್ಪ ಎರಡನೆಯ ಗುಂಡಿಯನ್ನೊಮ್ಮೆ ನೋಡಿದ. ಪಾವನ್ನು ತನ್ನ ಮಗ್ಗಕ್ಕೇ ಏರಿಸಿಕೊಳ್ಳುತ್ತೇನೆ ಎಂದ. ಗುಂಡಿಗೆ ಕೋಳಿಗಳು ವಾಪಸು ಬಂದವು. ಒಂದು ಗೇಣು ಹೆಚ್ಚು ಆಳವಾಗಿದ್ದರಿಂದ ಅವಕ್ಕೆ ಹತ್ತಿ ಇಳಿಯುವುದು ಕಷ್ಟವಾಗಿ, ಅಮ್ಮ ಎರಡು ಇಟ್ಟಿಗೆ ಹಾಕಿದಳು.

ಎರಡು ತಿಂಗಳ ಮೇಲೆ, ಬಣ್ಣ ಸ್ವಲ್ಪ ಪಕ್ಕಕ್ಕೆ ಜಾರಿ ಅಚ್ಚಾದ ಬನಿಯನ್‌ಗಳ ಒಂದು ಮೂಟೆಯನ್ನು ಕೇರಿಯ ಮಕ್ಕಳಿಗೆ ಹಂಚಲು ತಂದೆ. ಅಪ್ಪ ಒಂದನ್ನು ತೆಗೆದುಕೊಂಡು, ನೇಕಾರರೆಲ್ಲ ಮಾಡುವಂತೆ ಮೊದಲು ಹಿಂಬದಿ ತಿರುಗಿಸಿ ನೋಡಿ, ಆಮೇಲೆ ಮುಂಬದಿ ನೋಡಿದ.

"ಕಾಲು ನೆಲದ ಮೇಲಿಲ್ಲ."

"ನೆರಳೈತೆ ಅಪ್ಪಾ."

ಬಹಳ ಹೊತ್ತು ನೋಡಿದ. "ಕಾಲು ಒಂದು, ಕೈ ಇನ್ನೊಂದು." ಬೆರಳಿನಲ್ಲಿ ಎಡಗಾಲು ಮುಟ್ಟಿ, ಬಲಗೈ ಮುಟ್ಟಿ, ಮತ್ತೆ ಎಡಗಾಲು ಮುಟ್ಟಿದ. "ಆದ್ರೂ ಓಡ್ತಾ ಐತಲ್ಲಾ. ಈ ಓಟ ಎಲ್ಲೋ ನೋಡಿದೀನಿ."

ಅಜ್ಜಿ ಬಂದು ಬಗ್ಗಿ ನೋಡಿದಳು. ಕಣ್ಣು ಮಂಜಾಗಿತ್ತು, ಆದರೂ ನೋಡಿದ ಕೂಡಲೇ ಕಿರುಚಿದಳು. "ನಾಲಗೆ ನೋಡು! ಅಯ್ಯೋ, ಇದು ನನ್ನ ಮಗ ಅಲ್ವಾ!"

ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದೆ. ಬೀದಿಯಲ್ಲಿ ಆಗಲೇ ಏಳೆಂಟು ಮಕ್ಕಳು ಹೊಸ ಬನಿಯನ್ ತೊಟ್ಟು ಕೂಗಾಡುತ್ತಿದ್ದವು. ಒಂದೊಂದರ ಎದೆಯ ಮೇಲೂ ಅಪ್ಪ ಕಬ್ಬು ಹಿಡಿದು ಓಡುತ್ತಿದ್ದ.

"ನನಗೆ ಇಷ್ಟು ಹೊಟ್ಟೆ ಇಲ್ಲ," ಎಂದ ಅಪ್ಪ ಕಡೆಗೆ. ಬನಿಯನ್ ಮಡಿಸಿ ಮಗ್ಗದ ಮೇಲಿಟ್ಟು, ನೀರು ಕುಡಿಯಲು ಹೊರಟ. ಮೂರು ಹೆಜ್ಜೆ ಹಾಕಿ ನಿಂತ. ತನ್ನ ಕೈ ನೋಡಿಕೊಂಡ, ಕಾಲು ನೋಡಿಕೊಂಡ. ಬಲಗಾಲು ಎತ್ತಿದ, ಬಲಗೈ ಜೊತೆಗೆ ಬಂತು. ಅದನ್ನು ಇಳಿಸಿ ಎಡಗೈ ಎತ್ತಿದ, ಕಾಲು ನಿಂತುಹೋಯಿತು. ಪಡಸಾಲೆಯ ನಡುವೆ ಅಂಚಿನ ಆನೆಯಂತೆ ನಿಂತುಕೊಂಡ.

"ನಗಬೇಡ ಡಾ. ನಿನ್ನಿಂದ ನಡೆಯೋದೂ ಮರ್ತೋಯ್ತು. ಹೆಂಗೆ ನಡೀತಿದ್ದೆ ನಾನು?"

ಅಜ್ಜಿ ನನ್ನ ಮುಖ ನೋಡಿದಳು. ಸೆರಗು ಆಗಲೇ ಅವಳ ಬಾಯಿಯ ಹತ್ತಿರ ಹೋಗಿತ್ತು. ಬೇರೆ ದಾರಿಯಿರಲಿಲ್ಲ. ನಾನು ಅಪ್ಪನ ಮುಂದೆ ಹೋಗಿ ಬೆನ್ನು ಮಾಡಿ ನಿಂತು, ಇಷ್ಟು ವರ್ಷ ಹಿತ್ತಲಲ್ಲಿ ಬಚ್ಚಿಟ್ಟಿದ್ದ ಅವನ ನಡಿಗೆಯನ್ನು ಶುರು ಮಾಡಿದೆ. ಮೊದಲ ನಾಲ್ಕು ಹೆಜ್ಜೆ ಮಣೆ ತುಳಿದೆ, ಬಲಕ್ಕೆ ವಾಲಿದೆ. ಹಿಂದೆ ಅಪ್ಪನ ಹೆಜ್ಜೆ ಕೇಳಿಸಿತು. ನನ್ನನ್ನು ನೋಡಿಕೊಂಡು, ನಾನು ತುಳಿದಂತೆ ತುಳಿದು, ವಾಲಿದಂತೆ ವಾಲಿ ಬರುತ್ತಿದ್ದ. ಹಾಗೇ ಇಬ್ಬರೂ ನೀರಿನ ಹಂಡೆಯವರೆಗೆ ಹೋದೆವು.

ಅಪ್ಪ ಚೊಂಬಿನಲ್ಲಿ ನೀರು ಮೊಗೆದು, ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೇಳಿದ: "ಇಷ್ಟೊಂದು ವಾಲ್ತೀನಾ ನಾನು?"